ಸುಕ್ಕುಚರ್ಮದ ಟಗರು
(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ತಳಿ ಆಯ್ಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ಸೂಚಿಸಿದ್ದಾರೆ. ನಾನು ಒಬ್ಬ ಕುರಿಗಾಹಿಯ ಕಥೆ ಹೇಳುತ್ತೇನೆ. ಹಾಲಿನವರ ಸಭೆಯಲ್ಲಿ ಕುರಿಯೇಕೆ ಬಂತು ಎಂದು ಬೇಸರಿಸಬೇಡಿ, ಹಸುವಿನ ವಿಷಯಕ್ಕೆ ಬರುತ್ತೇನೆ.

ಆತನ ಹೆಸರು ಸ್ಯಾಮ್ಯುಯೆಲ್ ಮೆಕಾಹಿ. 1835ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವನು. 1856ರಲ್ಲಿ ಸೋದರಮಾವನ ಜೊತೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದ. ಮೊದಲು ಬೇರೆಯವರ ಕುರಿ ಫಾರಂನಲ್ಲಿ ಕೆಲಸ ಕಲಿತ, ಬೇಗನೆ ಮೇಲ್ವಿಚಾರಕನಾದ. 1860ರಲ್ಲಿ ಇಬ್ಬರ ಜೊತೆ ಸೇರಿ ನ್ಯೂ ಸೌತ್ ವೇಲ್ಸ್ ವಸಾಹತಿನ ಕೂನಾಂಗ್ ಎಂಬ ಹುಲ್ಲುಗಾವಲಿನಲ್ಲಿ ಪಾಲು ಕೊಂಡ. ಆ ನೆಲದಲ್ಲಿ ಮೊದಲಿನಿಂದ ಇದ್ದವರು ವಿರಾಜುರಿ ಎಂಬ ಮೂಲನಿವಾಸಿಗಳು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆ ಕಾಲದ ಕುರಿ ಸಾಹುಕಾರರ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಮನುಷ್ಯ ಮಾತ್ರ ಮಹಾ ಶ್ರಮಜೀವಿ. ಮಳೆ ಕಡಿಮೆ ಬೀಳುವ ಆ ಸೀಮೆಯಲ್ಲಿ ಕಟ್ಟೆ ಕಟ್ಟಿಸಿದ, ಕೊಳವೆಬಾವಿ ಕೊರೆಸಿದ. ಕೈಗತ್ತರಿಯಲ್ಲಿ ಉಣ್ಣೆ ಕತ್ತರಿಸುತ್ತಿದ್ದ ಕಾಲದಲ್ಲಿ, 1888ರಲ್ಲಿ, ಆತನ ಡನ್ಲಪ್ ಫಾರಂನಲ್ಲಿ ಇಡೀ ಮಂದೆಯ ಉಣ್ಣೆಯನ್ನು ಯಂತ್ರದಲ್ಲೇ ಕತ್ತರಿಸಿದರು. ಕುರಿಗಳೆಷ್ಟು ಗೊತ್ತೇ? ಸುಮಾರು 1,84,000! ನಮ್ಮಲ್ಲಿ ನಾಲ್ಕು ಹಸುವಿಗೆ ಹಾಲು ಕರೆಯುವ ಯಂತ್ರ ತರಲು ಇನ್ನೂ ಅನುಮಾನಿಸುತ್ತೇವೆ.

ಇಷ್ಟು ಬುದ್ಧಿವಂತನೂ ಒಂದು ಕಡೆ ಎಡವಿದ. 1880ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ಸೀಮೆಯಿಂದ ಮೆರಿನೋ ಟಗರು, ಕುರಿಗಳನ್ನು ತರಿಸಿದ. ಕುತ್ತಿಗೆಯಿಂದ ಬಾಲದವರೆಗೆ ಅವುಗಳ ಚರ್ಮವೆಲ್ಲ ಮಡಿಕೆ ಮಡಿಕೆ. ಚರ್ಮ ಹೆಚ್ಚಿದಷ್ಟೂ ಉಣ್ಣೆ ಹೆಚ್ಚು ಎಂಬುದು ಆಗಿನ ಲೆಕ್ಕ. ತೂಕ ಹಾಕಿದರೆ ಉಣ್ಣೆಯ ಕಟ್ಟು ಭಾರವಾಗಿಯೇ ಇರುತ್ತಿತ್ತು. ಆದರೆ ಆ ತೂಕದಲ್ಲಿ ಬಹುಪಾಲು ಜಿಡ್ಡು, ತೊಳೆದರೆ ಹೋಗುವಂಥದು. ಸುಕ್ಕಿನ ಮೇಲೆ ಕತ್ತರಿ ಆಡಿಸುವಾಗ ಚರ್ಮ ಕುಯ್ಯುತ್ತಿತ್ತು. ಮಡಿಕೆಯೊಳಗೆ ಬೆವರು, ಗಂಜಲ ನಿಂತು ನೊಣ ಮೊಟ್ಟೆಯಿಟ್ಟು, ಬದುಕಿರುವ ಕುರಿಯ ಮೈಯಲ್ಲೇ ಹುಳು ಬೀಳುತ್ತಿತ್ತು. ಮರಿ ಹಾಕುವುದೂ ಕಡಿಮೆ. ದೊಡ್ಡವರು ತಂದದ್ದೆಂದು ನಂಬಿ ಎಷ್ಟೋ ಜನ ಆ ರಕ್ತವನ್ನು ತಮ್ಮ ಮಂದೆಗೆ ಸೇರಿಸಿಕೊಂಡರು. ಸೇರಿಸುವುದು ಒಂದು ಟಗರಿನ ಕೆಲಸ. ತೆಗೆಯಲು ತಲೆಮಾರುಗಳೇ ಬೇಕಾದವು. ಹುಳು ಬೀಳದಿರಲೆಂದು ಕುರಿಯ ಹಿಂಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುವ ಪದ್ಧತಿ 1930ರ ದಶಕದಲ್ಲಿ ಅಲ್ಲಿ ಶುರುವಾಯಿತು. ಪಶುವೈದ್ಯನಾಗಿ ಅದನ್ನು ಓದುವಾಗಲೇ ನನಗೆ ಸಂಕಟವಾಗುತ್ತದೆ.

ಈಗ ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಕ್ಯಾನಿನ ಲೀಟರ್ ಒಂದನ್ನೇ ನೋಡುತ್ತಿದ್ದೆ. ಹಸಿಮೇವೂ ಇಲ್ಲದ, ನೆರಳೂ ಇಲ್ಲದ ಒಂದು ಮನೆಯ ಮಿಶ್ರತಳಿ ಹಸುವಿಗೆ ಮತ್ತೆ ಎಚ್.ಎಫ್. ಹೋರಿಯ ವೀರ್ಯವನ್ನೇ ಕೊಡಿಸಿದೆ. ಹುಟ್ಟಿದ ಕಡಸು ನೋಡಲು ಬಲು ಚೆಂದ. ಬೆಳೆದು ಕರು ಹಾಕಿದ ಮೊದಲ ಬೇಸಿಗೆಯಲ್ಲೇ ಏದುಸಿರು, ಉಣ್ಣೆಯ ಜ್ವರ. ಆಮೇಲೆ ಎಷ್ಟು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ಕಟ್ಟಲಿಲ್ಲ. ಆ ಮನೆಯ ಅಜ್ಜಿ ನನ್ನನ್ನು ಬಯ್ಯಲಿಲ್ಲ. "ಡಾಕ್ಟ್ರಪ್ಪ, ಈ ರಾಣಿಗೆ ಅರಮನೆ ಎಲ್ಲಿಂದ ತರಾನ?" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಮೆಕಾಹಿಯ ಮುಂದಿನ ಕಥೆ ಕೇಳಿ. 1899ರಲ್ಲಿ ಆತ ನ್ಯೂ ಸೌತ್ ವೇಲ್ಸ್ ವಿಧಾನ ಪರಿಷತ್ತಿನ ಸದಸ್ಯನಾದ. ಚುನಾವಣೆಯಿಂದಲ್ಲ, ನೇಮಕದಿಂದ, ಸಾಯುವವರೆಗೂ ಆ ಸ್ಥಾನದಲ್ಲಿದ್ದ. 1905ರಲ್ಲಿ ಸರ್ ಪದವಿಯೂ ಬಂತು. ಆದರೆ ನನ್ನ ಅಭಿಪ್ರಾಯದಲ್ಲಿ ಆತನ ದೊಡ್ಡ ಭಾಷಣವೆಂದರೆ ಹೊಲದಲ್ಲಿ ತೋಡಿಸಿದ ಕಾಲುವೆ. 1900ರ ಹೊತ್ತಿಗೆ ಮರಂಬಿಜಿ ನದಿಯ ದಡದ ನಾರ್ತ್ ಯಾಂಕೊ ಫಾರಂ ಕೊಂಡು, ಸ್ವಂತ ಹಣದಿಂದ ಸುಮಾರು 200 ಮೈಲಿ ಕಾಲುವೆ ತೋಡಿಸಿ 40,000 ಎಕರೆಗೆ ನೀರು ಹರಿಸಿದ, ಕುದುರೆಮೆಂತ್ಯ ಬೆಳೆಸಿದ. ಅದನ್ನು ಕಣ್ಣಾರೆ ಕಂಡ ಮೇಲೆ ಸರ್ಕಾರಕ್ಕೂ ಧೈರ್ಯ ಬಂತು. ಬರಿಂಜಕ್ ಅಣೆಕಟ್ಟಿನ ಕೆಲಸ ಆರಂಭವಾಗಿ, 1912ರಲ್ಲಿ ಮರಂಬಿಜಿ ನೀರಾವರಿ ಪ್ರದೇಶಕ್ಕೆ ನೀರು ಹರಿಯಿತು. ಆತ ಮದುವೆಯಾಗಲಿಲ್ಲ. 1919ರಲ್ಲಿ ತೀರಿಕೊಂಡಾಗ ಆಸ್ತಿಯ ದೊಡ್ಡ ಪಾಲು ವಿಶ್ವವಿದ್ಯಾನಿಲಯಗಳಿಗೂ ಸೈನಿಕರ ಕುಟುಂಬಗಳಿಗೂ ಹೋಯಿತು. ಆತನ ಮನೆಯಲ್ಲಿ 1922ರಲ್ಲಿ ಕೃಷಿ ಶಾಲೆ ತೆರೆಯಿತು.

ಟಗರು ತಂದವನೂ ಇವನೇ, ಮೇವು ಬೆಳೆದವನೂ ಇವನೇ. ಮೇವು ಮೊದಲು ಬಂದಿದ್ದರೆ ಎಂದು ನನಗೆ ಅನ್ನಿಸುತ್ತದೆ.

ಊಟಕ್ಕೆ ಮೊದಲು ಒಂದು ಕೆಲಸವಿದೆ. ಈ ಸಲ ಯಾವ ಹೋರಿಯ ವೀರ್ಯ ಬೇಕೆಂದು ಬರೆಸುವವರು, ಮನೆಯಲ್ಲಿ ಎಷ್ಟು ಗುಂಟೆ ಹಸಿಮೇವು ಇದೆ, ಬೇಸಿಗೆಯಲ್ಲಿ ನೀರು ಎಲ್ಲಿಂದ ತರುತ್ತೀರಿ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಸಿ. ಪುಸ್ತಕ ಕಾರ್ಯದರ್ಶಿಗಳ ಹತ್ತಿರ ಇದೆ. ಓದಲು ಬಾರದವರು ನನ್ನ ಬಳಿ ಬನ್ನಿ, ನಾನೇ ಬರೆದುಕೊಳ್ಳುತ್ತೇನೆ.