ನೆರೆ ಇಳಿದ ಮೇಲೆ ಬಂದ ಕ್ಯಾಮೆರಾ



1896ರ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಸಿನಿಮಾ ಮೊದಲ ಸಲ ಓಡಿತು. ಲೂಮಿಯೇರ್ ಸಹೋದರರ ಕಡೆಯ ಮಾರಿಯಸ್ ಸೆಸ್ತಿಯೇ ತಲೆಗೊಂದು ರೂಪಾಯಿ ಟಿಕೆಟ್ ಇಟ್ಟು ಆರು ತುಣುಕು ತೋರಿಸಿದ. ಅವುಗಳಲ್ಲಿ ರೈಲು ಬಂದು ನಿಲ್ಲುವ ಚಿತ್ರದ ಮಾತನ್ನೇ ಎಲ್ಲರೂ ಆಡುತ್ತಾರೆ. ಗೋಡೆ ಕೆಡವುವ ಚಿತ್ರವೂ ಒಂದಿತ್ತು. ಕೂಲಿಯಾಳುಗಳು ನೂಕುತ್ತಾರೆ, ಗೋಡೆ ಧೊಪ್ಪನೆ ಮಗುಚುತ್ತದೆ, ಧೂಳು ಮೇಲೇಳುತ್ತದೆ. ಇದ್ದದ್ದು ಅಷ್ಟೆ. ಬಿದ್ದದ್ದನ್ನು ನೋಡಲು ಜನ ದುಡ್ಡು ಬಿಚ್ಚುತ್ತಾರೆ ಎಂಬುದು ಈ ಊರಿನ ಸಿನಿಮಾಕ್ಕೆ ಹುಟ್ಟಿದ ದಿನವೇ ತಿಳಿದಂತಾಯಿತು.

ಎರಡು ತಿಂಗಳು ಕಳೆದ ಮೇಲೆ ಮುಂಬೈಯ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಂಡು ಲಕ್ಷಗಟ್ಟಲೆ ಜನ ಊರು ಬಿಟ್ಟರು. ಕೆನೆಡಿ ಬ್ರಿಜ್ ಬಳಿ ಸ್ಟುಡಿಯೋ ಇಟ್ಟಿದ್ದ ಛಾಯಾಗ್ರಾಹಕ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್, ಅಂದರೆ ಸಾವೇ ದಾದಾ, ಆಮೇಲೆ ಲಂಡನ್ನಿನಿಂದ ಚಲನಚಿತ್ರ ಕ್ಯಾಮೆರಾ ತರಿಸಿದರು. 1899ರಲ್ಲಿ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಅವರು ಚಿತ್ರಿಸಿದ್ದು ಪ್ಲೇಗನ್ನಲ್ಲ, ಒಂದು ಕುಸ್ತಿ ಪಂದ್ಯವನ್ನು.

ಆ ಕಾಲದ ಕ್ಯಾಮೆರಾದ ಇತಿಮಿತಿಯನ್ನೂ ಹೇಳಬೇಕು. ಮೂರು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ, ಕೈಯಲ್ಲಿ ತಿರುಗಿಸುವ ಹಿಡಿ. ಲೂಮಿಯೇರರ ಒಂದು ಸುರುಳಿ ಸುಮಾರು 17 ಮೀಟರ್. ಐವತ್ತು ಸೆಕೆಂಡಿಗೆ ಖಾಲಿ. ಒಳ್ಳೆಯ ಬಿಸಿಲು ಬೇಕೇ ಬೇಕು. ನಡುರಾತ್ರಿಯ ನೆರೆಯಾಗಲಿ, ನಸುಕಿನ ಭೂಕಂಪವಾಗಲಿ ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ಅದಕ್ಕೇ ಮೂಕಿಚಿತ್ರದ ಕಾಲದ ವಿಪತ್ತಿನ ಚಿತ್ರಗಳೆಂದರೆ ಬಹುಪಾಲು ಮರುದಿನದ ಚಿತ್ರಗಳು. 1900ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್ ಪಟ್ಟಣವನ್ನು ಚಂಡಮಾರುತ ಗುಡಿಸಿಹಾಕಿದಾಗ ಎಡಿಸನ್ ಕಂಪನಿಗಾಗಿ ತೆಗೆದ ತುಣುಕುಗಳಲ್ಲಿ ಗಾಳಿಯಿಲ್ಲ, ಅಲೆಯಿಲ್ಲ. ಮುರಿದ ತೊಲೆಗಳ ರಾಶಿ, ಅದರಲ್ಲಿ ಹೆಣ ಹುಡುಕುವ ಜನ. 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪಕ್ಕೆ ಬಯೋಗ್ರಾಫ್ ಕಂಪನಿ ಆಟಿಕೆಯಂಥ ಊರೊಂದನ್ನು ಮಾಡಿ ಸುಟ್ಟು ತೋರಿಸಿತು. ಸುಳ್ಳು ವಿಡಿಯೋ ಮೊಬೈಲಿನ ಕಾಲದ್ದು ಎನ್ನುವವರು ಇದನ್ನು ಗಮನಿಸಬೇಕು.

ಈಗ ನಮ್ಮ ಕಡೆಗೆ ಬರೋಣ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿತು. ಮೇಲಿನ ಕೆರೆಗಳು ಒಂದರ ಹಿಂದೊಂದು ಒಡೆದು ನೀರೆಲ್ಲ ಊರಿನ ಮೇಲೇ ಬಿತ್ತು. ಸತ್ತವರು ಸುಮಾರು ಹದಿನೈದು ಸಾವಿರ ಎನ್ನುತ್ತಾರೆ. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಹುಣಸೆಮರ ಹತ್ತಿ ನೂರೈವತ್ತು ಮಂದಿ ಬದುಕಿಕೊಂಡರು. ಆ ಮರ ಇವತ್ತಿನ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಹೆಸರುವಾಸಿ. ಕಲಬುರಗಿ, ಬೀದರ, ರಾಯಚೂರುಗಳಿಗೆಲ್ಲ ಆಗ ಹೈದರಾಬಾದೇ ರಾಜಧಾನಿ. ಈ ನೆರೆಯ ಮೇಲೊಂದು ಚಲನಚಿತ್ರ ಬಂದಿತ್ತು. ‘ಟೆರಿಬಲ್ ಹೈದರಾಬಾದ್ ಫ್ಲಡ್ಸ್’ ಎಂಬ ಹೆಸರು ಭಾರತೀಯ ಮೂಕಿಚಿತ್ರಗಳ ಪಟ್ಟಿಯಲ್ಲಿದೆ. ನಮ್ಮ ಪಾಲಿಗೆ ಉಳಿದದ್ದು ಆ ಹೆಸರು ಮಾತ್ರ.

ಯಾಕೆ ಹೀಗಾಯಿತು? ಆ ಕಾಲದ ರೀಲುಗಳು ಡೇರೆಯಿಂದ ಡೇರೆಗೆ ಅಲೆಯುತ್ತಿದ್ದವು. ಸೂರತ್ತಿನ ಅಬ್ದುಲಲಿ ಯೂಸುಫಲಿ ಸಾವಿರ ಜನ ಹಿಡಿಸುವ ಡೇರೆ ಹೊತ್ತು 1908ರಿಂದ ಇಂಡಿಯಾದ ಊರೂರು ತಿರುಗಿ, ಕಡೆಗೆ 1914ರಲ್ಲಿ ಮುಂಬೈಯ ಅಲೆಕ್ಸಾಂಡ್ರಾ ಥಿಯೇಟರ್ ಹಿಡಿದರು. ರೀಲು ಸವೆದರೆ ಎಸೆಯುವುದು; ಇಲ್ಲವೇ ಫಿಲ್ಮಿನಿಂದ ಬೆಳ್ಳಿ ತೆಗೆಯುವವನಿಗೆ ತೂಕಕ್ಕೆ ಹಾಕುವುದು. ಉಳಿದದ್ದನ್ನು ಆಗಿನ ರೀಲುಗಳ ನೈಟ್ರೇಟ್ ಫಿಲ್ಮೇ ತಿಂದುಹಾಕುತ್ತಿತ್ತು. ಮೊದಲು ಅಂಟು ಅಂಟಾಗಿ, ಆಮೇಲೆ ಕಂದು ಪುಡಿಯಾಗಿ ಡಬ್ಬಿಯಲ್ಲೇ ಮುಗಿದುಹೋಗುವ ವಸ್ತು ಅದು. ಕಿಡಿ ತಾಗಿದರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಅಮೆರಿಕದಲ್ಲಿ ಮಾತ್ರ ಕಾಪಿರೈಟಿಗೆಂದು ಚಿತ್ರಗಳನ್ನು ಕಾಗದದ ಸುರುಳಿಗೆ ಇಳಿಸಿ ಸರ್ಕಾರಕ್ಕೆ ಒಪ್ಪಿಸುವ ರೂಢಿಯಿತ್ತು. ಗ್ಯಾಲ್ವೆಸ್ಟನ್ ತುಣುಕು ಉಳಿದದ್ದು ಆ ಗುಮಾಸ್ತಗಿರಿಯಿಂದ. ಯಾರ ಕಲಾಪ್ರೇಮದಿಂದಲೂ ಅಲ್ಲ.

ಮೂಸಿಯ ನೆರೆಗೆ ಇನ್ನೊಬ್ಬ ಸಾಕ್ಷಿಯಿದ್ದರು. ಮುಂಬೈ ಪ್ರಾಂತದ ನೌಕರಿ ಬಿಟ್ಟು ಯುರೋಪ್ ಪ್ರವಾಸದಲ್ಲಿದ್ದ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಬಂತು. 1909ರಲ್ಲಿ ಹೈದರಾಬಾದಿಗೆ ಬಂದು ಮಳೆಯ ಲೆಕ್ಕ, ಒಡೆದ ಕೆರೆಗಳ ಲೆಕ್ಕ ಹಾಕಿ, ಊರಿನ ಮೇಲ್ಗಡೆ ನೀರು ತಡೆಯಬೇಕೆಂದು ವರದಿ ಬರೆದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಆ ಯೋಜನೆಯಿಂದ. ಕ್ಯಾಮೆರಾದವನೂ ಎಂಜಿನಿಯರೂ ಇಬ್ಬರೂ ನೆರೆ ಇಳಿದ ಮೇಲೇ ಬಂದವರು. ಒಬ್ಬರ ಬರಹ ಉಳಿಯಿತು, ಇನ್ನೊಬ್ಬರ ರೀಲು ಹೋಯಿತು. ಎರಡೂ ಇದ್ದಿದ್ದರೆ ಚೆನ್ನಾಗಿತ್ತು. ಎಷ್ಟು ನೀರು ಬಂತೆಂದು ವರದಿ ಹೇಳಬಲ್ಲುದು, ಆ ಕೆಸರಿನಲ್ಲಿ ನಿಂತವರ ಮುಖ ಹೇಗಿತ್ತೆಂದು ಹೇಳಲಾರದು.

ಹಳೆಯ ರೀಲಿನ ಮಾತು ಹಾಗಿರಲಿ, 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಟಿವಿಯವರು ತೆಗೆದ ಟೇಪುಗಳಿಗೂ ಈಗ ವಯಸ್ಸಾಗುತ್ತಿದೆ. ಆಗ ಮನೆಯ ಕ್ಯಾಮೆರಾದಲ್ಲಿ ಕುರ್ಲಾ, ಕಲೀನಾ ಕಡೆಯ ನೀರನ್ನು ಹಿಡಿದಿಟ್ಟವರು ನಿಮ್ಮಲ್ಲೇ ಇದ್ದರೆ ಪ್ರತಿ ಮಾಡಿಸಿ, ತಾರೀಕು, ಜಾಗ ಬರೆದಿಡಿ. ಅಜ್ಜನ ಟ್ರಂಕಿನಲ್ಲಿ ಹಳೆಯ ಫಿಲ್ಮ್ ಡಬ್ಬಿ ಸಿಕ್ಕರೆ ಗುಜರಿಗೆ ಹಾಕಬೇಡಿ, ಒಲೆಯ ಹತ್ತಿರ ತೆರೆಯಬೇಡಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಮೊದಲು ಅವರಿಗೊಂದು ಮಾತು ತಿಳಿಸಿ.