ಗುಗ್ಗುಳ: ಮರುಭೂಮಿಯ ಗಿಡ ಮಲೆನಾಡಿಗೆ ಕಲಿಸುವ ಪಾಠ



ಅಂಗಡಿಯಲ್ಲಿ ಗುಗ್ಗುಳವೆಂದು ದೊರೆಯುವುದೆಲ್ಲವೂ ಒಂದೇ ಗಿಡದ್ದಲ್ಲ. ಆಯುರ್ವೇದದ ಗುಗ್ಗುಳವನ್ನು ಕೊಡುವುದು ಕಾಮಿಫೋರಾ ವೈಟಿಯೈ ಎಂಬ ಮುಳ್ಳುಪೊದೆ. ರಾಜಸ್ಥಾನ, ಗುಜರಾತಿನ ಕಛ್, ಪಾಕಿಸ್ತಾನದ ಸಿಂಧ್‌ಗಳ ಕಲ್ಲುಗುಡ್ಡಗಳು ಅದರ ಮುಖ್ಯ ನೆಲೆ. ಮಲೆನಾಡಿನ ರಾಳಧೂಪವೂ ಇದೇ ಸಸ್ಯಕುಟುಂಬಕ್ಕೆ ಸೇರಿದ್ದು.

ಗುಗ್ಗುಳ ಸಾಮಾನ್ಯವಾಗಿ 3–4 ಮೀಟರ್ ಮೀರುವುದಿಲ್ಲ. ತೊಗಟೆ ತೆಳುಕಾಗದದಂತೆ ಸುಲಿಯುತ್ತದೆ. ವರ್ಷದ ಬಹುಕಾಲ ಎಲೆಯಿಲ್ಲದೆ ನಿಂತು, ಮಳೆ ಬಿದ್ದೊಡನೆ ಚಿಗುರುತ್ತದೆ. ಇದು ನೀರನ್ನು ಉಳಿಸಿಕೊಳ್ಳುವ ಉಪಾಯ. 500 ಮಿ.ಮೀ.ಗಿಂತ ಕಡಿಮೆ ಮಳೆ, ಮರಳು ಅಥವಾ ಕಲ್ಲುನೆಲ, ಧಾರಾಳ ಬಿಸಿಲು ಅದಕ್ಕೆ ಸಾಕು. ಬುಡದಲ್ಲಿ ನೀರು ನಿಲ್ಲುವುದನ್ನೂ ಕಡುಹಿಮವನ್ನೂ ಅದು ಸಹಿಸದು. ಆದ್ದರಿಂದ ಲಾಭದ ಆಸೆಯಿಂದ ಅದನ್ನು ಮಲೆನಾಡಿನ ಜಡಿಮಳೆಗೆ ತಂದು ನೆಡುವುದು ವ್ಯರ್ಥ ಶ್ರಮ.

ಅಂಟುರಾಳವು ತೊಗಟೆಯೊಳಗಿನ ಸೂಕ್ಷ್ಮ ನಾಳಗಳಲ್ಲಿರುತ್ತದೆ. ಗಾಯವಾದಾಗ ಹೊರಸೂಸಿ, ಗಾಳಿಗೆ ಗಟ್ಟಿಯಾಗುತ್ತದೆ. ಅಂದರೆ, ಮನುಷ್ಯನಿಗೆ ಫಸಲೆನಿಸುವುದು ಗಿಡಕ್ಕೆ ಗಾಯದ ಮುಲಾಮು. ತೊಗಟೆಯನ್ನಷ್ಟೇ ಹಗುರವಾಗಿ ಕೊಯ್ದರೆ ಗಿಡ ಚೇತರಿಸಿಕೊಳ್ಳುತ್ತದೆ. ಕತ್ತಿ ಆಳಕ್ಕಿಳಿದರೆ, ಇಲ್ಲವೇ ಹೆಚ್ಚು ಇಳುವರಿಗಾಗಿ ಹಾಕುವ ಎಥಿಫಾನ್ ಪ್ರಮಾಣ ಮೀರಿದರೆ, ಗಿಡವೇ ಒಣಗಿಹೋಗುತ್ತದೆ.

ಸತ್ತ ಗಿಡದ ಜಾಗ ಬೇಗ ತುಂಬುವುದಿಲ್ಲ. ಬೆಳವಣಿಗೆ ಅತಿ ನಿಧಾನ. ರಾಳ ತೆಗೆಯಲು ಹಲವು ವರ್ಷ ಕಾಯಬೇಕು. ಗಂಡುಗಿಡಗಳು ಬಹು ವಿರಳ. ಹೆಣ್ಣುಗಿಡಗಳು ಪರಾಗವಿಲ್ಲದೆಯೂ ಬೀಜ ಕಟ್ಟುತ್ತವೆ. ಆ ಸಸಿಗಳು ತಾಯಿಯ ಪ್ರತಿರೂಪಗಳೇ. ಬೀಜ ಮೊಳೆಯುವುದೂ ಕಡಿಮೆಯಾದುದರಿಂದ ಕೃಷಿಯಲ್ಲಿ ಕಾಂಡದ ತುಂಡುಗಳನ್ನೇ ನೆಡುತ್ತಾರೆ.

1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ತಮ್ಮ ಸಂಶೋಧನೆಯಲ್ಲಿ ಜಿ.ವಿ. ಸತ್ಯವತಿಯವರು ಸುಶ್ರುತಸಂಹಿತೆಯ ಜಾಡು ಹಿಡಿದು, ಗುಗ್ಗುಳವು ಮೊಲಗಳ ರಕ್ತದ ಕೊಬ್ಬನ್ನು ತಗ್ಗಿಸುವುದನ್ನು ತೋರಿಸಿದರು. 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮನುಷ್ಯರಿಗೆ ಆ ಫಲ ಕಾಣಲಿಲ್ಲ. ಔಷಧದ ವಾದ ಮುಂದುವರಿಯಲಿ. ಗಿಡಕ್ಕೆ ಮಾತ್ರ ಕಾಲಾವಕಾಶವಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯ.

ಈ ಕಥೆ ದೂರದ್ದಲ್ಲ. ರಾಳಧೂಪದ ಬುಡಕ್ಕೆ ಬೆಂಕಿಯಿಟ್ಟು ರಾಳ ಇಳಿಸುವಾಗಲೂ, ಹಾಲುಮಡ್ಡಿಗಾಗಿ ಕಾಂಡದ ಸುತ್ತ ಕಚ್ಚು ಹಾಕುವಾಗಲೂ ನಡೆಯುವುದು ಇದೇ. ಎಳೆಯ ಮರವನ್ನು ಮುಟ್ಟದಿರುವುದು, ಬೆಂಕಿಯನ್ನು ಬಿಡುವುದು, ಕಚ್ಚು ಕಿರಿದಾಗಿರುವುದು, ಕೊಯ್ದ ಮರಕ್ಕೆ ವಿಶ್ರಾಂತಿ ಕೊಡುವುದು: ಈ ನಾಲ್ಕು ನಿಯಮಗಳನ್ನು ಪ್ರತಿ ಊರೂ ತಾನೇ ಮಾಡಿಕೊಳ್ಳಬಹುದು. ಗಾಯ ಮಾಯಲು ಬಿಟ್ಟ ಮರ ಮೊಮ್ಮಕ್ಕಳಿಗೂ ಧೂಪ ಕೊಡುತ್ತದೆ.