ಹಿರೋಷಿಮಾದ ಗೆಂಡೆ ಮೀನು

ಹಿರೋಷಿಮಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು 1945ರ ಆಗಸ್ಟ್ 6ರ ಬೆಳಗಿಗೆ ಹೋಗಿ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಅದು ಚಲಿಸುವುದಿಲ್ಲ. ಆ ಊರಿನಲ್ಲಿ ಮಾರನೆಯ ದಿನವೂ ಬೆಳಗಾಯಿತು, ಮೂರು ದಿನ ಕಳೆಯುವಷ್ಟರಲ್ಲಿ ಟ್ರಾಂ ಗಾಡಿ ಒಂದಿಷ್ಟು ದೂರ ಮತ್ತೆ ಓಡತೊಡಗಿತು ಎಂಬುದು ನಮ್ಮ ನೆನಪಿಗೆ ಬರುವುದಿಲ್ಲ. ನಾನಿಂದು ಹೇಳಹೊರಟಿರುವುದು ಆ ಊರಿನ ಒಂದು ಬೇಸ್‌ಬಾಲ್ ತಂಡದ ಕಥೆಯನ್ನು. ಸಾಹಿತ್ಯದ ಮೇಷ್ಟರಿಗೆ ಚೆಂಡಾಟದ ಗೊಡವೆ ಏಕೆ ಎಂದು ತಾವು ಕೇಳಬಹುದು. ಸೋಲನ್ನು ಕಾವ್ಯಗಳಲ್ಲಿ ಓದಿ ಪಾಠ ಹೇಳಿದವನಿಗೆ, ಅಂಕಪಟ್ಟಿಯಲ್ಲಿ ಬರೆದಿಟ್ಟ ಸೋಲು ಹೇಗಿರುತ್ತದೆಂದು ನೋಡುವ ಕುತೂಹಲ, ಅಷ್ಟೆ.

ಬೇಸ್‌ಬಾಲ್ ಅಮೆರಿಕದಿಂದ ಬಂದದ್ದಾದರೂ ಜಪಾನೀಯರಿಗೆ ಅದು ಪರಕೀಯವೆನಿಸಿ ಬಹುಕಾಲವಾಗಿದೆ. ಹಣಕ್ಕಾಗಿ ಆಡುವ ವೃತ್ತಿಪರ ತಂಡಗಳ ಪಂದ್ಯಾವಳಿ ಅಲ್ಲಿ 1936ರಲ್ಲೇ ಮೊದಲಾಗಿತ್ತು. ಯುದ್ಧ ಮುಗಿದ ಮೇಲೆ ಜನರ ಆಸಕ್ತಿ ಎಷ್ಟು ಉಕ್ಕಿತೆಂದರೆ, 1950ರ ವೇಳೆಗೆ ಒಂದು ಕೂಟ ಒಡೆದು ಎರಡಾಯಿತು: ಸೆಂಟ್ರಲ್ ಲೀಗ್, ಪೆಸಿಫಿಕ್ ಲೀಗ್. ಹೊಸ ತಂಡಗಳಿಗೆ ಜಾಗವಾಯಿತು. ಹಿರೋಷಿಮಾ ತನ್ನದೂ ಒಂದಿರಲಿ ಎಂದಿತು.

ಇತರ ತಂಡಗಳ ಬೆನ್ನಿಗೆ ಪತ್ರಿಕೆಗಳು, ರೈಲ್ವೆ ಕಂಪನಿಗಳು, ಚಲನಚಿತ್ರ ಸಂಸ್ಥೆಗಳು ನಿಂತಿದ್ದವು. ಹಿರೋಷಿಮಾ ತಂಡಕ್ಕೆ ಅಂಥ ಧಣಿ ಯಾರೂ ಇರಲಿಲ್ಲ. ಪ್ರಾಂತ ಸರ್ಕಾರ, ನಗರಸಭೆಗಳು, ಊರಿನ ಜನ ಎಲ್ಲರೂ ಸೇರಿ ಹಣ ಕೂಡಿಸುವುದೆಂದು ಲೆಕ್ಕ ಹಾಕಲಾಯಿತು. 1945ರ ಕೊನೆಯೊಳಗೆ ಸುಮಾರು 1,40,000 ಮಂದಿಯನ್ನು ಕಳೆದುಕೊಂಡಿದ್ದ ಊರು ಅದು. ತಂಡಕ್ಕೆ ಇಟ್ಟ ಹೆಸರು 'ಕಾರ್ಪ್'. ನಮ್ಮ ಗೆಂಡೆ ಮೀನಿನ ಜಾತಿ. ಹಿರೋಷಿಮಾದ ಹಳೆಯ ಕೋಟೆಗೆ ಗೆಂಡೆ ಕೋಟೆ ಎಂಬ ಹೆಸರಿತ್ತು. ಪ್ರವಾಹಕ್ಕೆ ಎದುರಾಗಿ ಈಜುವ ಮೀನೆಂದು ಅದಕ್ಕೆ ಆ ನಾಡಿನಲ್ಲಿ ವಿಶೇಷ ಗೌರವ.

ತಂಡದ ಹೊಣೆ ಹೊತ್ತವರು ಇಷಿಮೋತೊ ಷೂಯಿಚಿ. ಅದೇ ಊರಿನವರು. ಯುದ್ಧಕ್ಕೆ ಮೊದಲು ಅಲ್ಲಿನ ವಾಣಿಜ್ಯ ಶಾಲೆಯ ಹುಡುಗರನ್ನು ರಾಷ್ಟ್ರಮಟ್ಟದಲ್ಲಿ ಗೆಲ್ಲಿಸಿದವರು, ಒಸಾಕಾದ ಟೈಗರ್ಸ್ ತಂಡವನ್ನು ನಡೆಸಿದವರು. ಅವರ ಕರೆಗೆ ಓಗೊಟ್ಟು ಟೋಕಿಯೋದ ಪ್ರಸಿದ್ಧ ಜೈಂಟ್ಸ್ ತಂಡವನ್ನು ಬಿಟ್ಟು ಬಂದವರು ಷಿರಾಯಿಷಿ, ಅವರೂ ಹಿರೋಷಿಮಾದವರೇ. ಉಳಿದವರಲ್ಲಿ ಹೆಸರಾದವರು ಕಡಿಮೆ. ಹಾಸೆಗಾವಾ ರ್ಯೋಹೆ ಎಂಬ ಇಪ್ಪತ್ತರ ಹರೆಯದ ಗಿಡ್ಡ ದೇಹದ ಹುಡುಗನೊಬ್ಬ ಬಂದ. ಬ್ಯಾಟುಗಾರನಿಗೆ ಚೆಂಡೆಸೆಯುವ ಪಿಚರ್ ಆತ.

1950ರಲ್ಲಿ ಕಾರ್ಪ್ ಆಡಿದ್ದು 138 ಪಂದ್ಯ. ಗೆದ್ದದ್ದು 41, ಸೋತದ್ದು 96, ಒಂದು ಸಮ. ಎಂಟು ತಂಡಗಳಲ್ಲಿ ಎಂಟನೆಯ ಸ್ಥಾನ. ಆ 41ರಲ್ಲಿ 15 ಗೆಲುವುಗಳು ಹಾಸೆಗಾವಾನ ತೋಳಿನಿಂದ ಬಂದವು. ಆ ತೋಳಿನ ಲೆಕ್ಕಕ್ಕೇ 27 ಸೋಲುಗಳೂ ಸೇರಿದವು. ಅದೇ ವರ್ಷ ಮೊದಲ ಸ್ಥಾನ ಪಡೆದ ಷೋಚಿಕು ರಾಬಿನ್ಸ್ 98 ಪಂದ್ಯ ಗೆದ್ದಿತು. ಆ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ.

ಸೋಲಿನಿಂದ ಮಾನ ಮಾತ್ರ ಹೋಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆಗಿನ ಪದ್ಧತಿಯಂತೆ ಟಿಕೆಟ್ಟಿನ ಹಣದಲ್ಲಿ ಗೆದ್ದವರಿಗೆ ಏಳು ಪಾಲು, ಸೋತವರಿಗೆ ಮೂರು ಪಾಲು. ಸೋತಷ್ಟೂ ಬಡತನ, ಬಡತನದಿಂದ ಒಳ್ಳೆಯ ಆಟಗಾರರು ದೊರೆಯರು, ಅದರಿಂದ ಮತ್ತೆ ಸೋಲು. ಬರಬೇಕಾದ ಬಂಡವಾಳವೂ ಪೂರ್ತಿ ಬರಲಿಲ್ಲ. ಆಟಗಾರರಿಗೆ ಸಂಬಳ ನಿಂತಿತು.

1951ರ ಮಾರ್ಚಿಯಲ್ಲಿ, ಹೊಸ ಋತುವಿನ ಹೊಸ್ತಿಲಲ್ಲಿ, ತಂಡವನ್ನು ನೆರೆಯ ಷಿಮೊನೊಸೆಕಿಯ ತೈಯೋ ತಂಡದಲ್ಲಿ ಸೇರಿಸಿಬಿಡುವುದೆಂಬ ಸುದ್ದಿ ರೇಡಿಯೋದಲ್ಲಿ ಬಂತು. ತೈಯೋದ ಒಡೆತನ ಒಂದು ಮೀನುಗಾರಿಕೆ ಕಂಪನಿಯದು. ಗೆಂಡೆ ಮೀನು ಕೊನೆಗೂ ಬೆಸ್ತರ ಬಲೆಗೆ ಬಿತ್ತೆಂದು ನಗಲು ಹಿರೋಷಿಮಾದ ಜನಕ್ಕೆ ಮನಸ್ಸಿರಲಿಲ್ಲ.

ಇಷಿಮೋತೊ ಒಪ್ಪಲಿಲ್ಲ. ಇನ್ನೊಂದಿಷ್ಟು ಅವಕಾಶ ಕೊಡಿ ಎಂದು ಆಡಳಿತದವರನ್ನು ಕೇಳಿಕೊಂಡರು. ಊರವರೇ ಸದಸ್ಯರಾಗಿ ಚಂದಾ ತೆರುವ ಬೆಂಬಲಿಗರ ಸಂಘಗಳನ್ನು ಕಟ್ಟಬೇಕೆಂದು ಸ್ಥಳೀಯ ಪತ್ರಿಕೆಯಲ್ಲಿ ಮನವಿ ಮಾಡಿದರು. ಆಟದ ಮೇಲ್ವಿಚಾರಣೆಯನ್ನು ಬಹುಮಟ್ಟಿಗೆ ಷಿರಾಯಿಷಿಗೆ ಒಪ್ಪಿಸಿ ತಾವು ಊರೂರು ತಿರುಗಿದರು, ಭಾಷಣ ಮಾಡಿದರು, ಹಣ ಬೇಡಿದರು. ತರಬೇತಿಗಾರನೊಬ್ಬ ಜೋಳಿಗೆ ಹಿಡಿದದ್ದನ್ನು ಕೆಲವರು ಕ್ರೀಡೆಯ ಘನತೆಗೆ ಕುಂದೆನ್ನಬಹುದು. ನನಗೆ ಹಾಗೆನ್ನಿಸುವುದಿಲ್ಲ. ನಮ್ಮಲ್ಲಿ ಶಾಲೆಗಳನ್ನೂ ಸಂಘಗಳನ್ನೂ ಕಟ್ಟಿದವರು ಮನೆಮನೆಯ ಮುಂದೆ ನಿಂತದ್ದನ್ನು ಕೇಳಿ ಬೆಳೆದವನು ನಾನು.

ಕ್ರೀಡಾಂಗಣದ ಬಾಗಿಲಲ್ಲಿ ಪೀಪಾಯಿಗಳನ್ನಿಟ್ಟರು. ಅಕ್ಕಿಯಿಂದ ಮಾಡುವ 'ಸಾಕೆ' ಎಂಬ ಮದ್ಯ ತುಂಬುವ ಮರದ ಪೀಪಾಯಿಗಳು. ಆಟಕ್ಕೆ ಬಂದವರು ಟಿಕೆಟ್ ಕೊಂಡು, ಒಳಗೆ ಹೋಗುವ ಮುನ್ನ ಅದರೊಳಕ್ಕೆ ಕಾಸು ಹಾಕುತ್ತಿದ್ದರು. ಹುಡುಗರೂ ತಮ್ಮ ಚಿಲ್ಲರೆಯನ್ನು ಹಾಕಿದರು. ಈ ಜನ ಒಳಗೆ ಹೋಗಿ ನೋಡುತ್ತಿದ್ದುದಾದರೂ ಏನನ್ನು? ಬಹುತೇಕ ಸೋಲನ್ನೇ. 1951ರಲ್ಲಿಯೂ 99 ಪಂದ್ಯಗಳಲ್ಲಿ 32 ಗೆಲುವು, 64 ಸೋಲು. ಮತ್ತೆ ಕೊನೆಯ ಸ್ಥಾನ. ಹಾಸೆಗಾವಾ ಮಾತ್ರ 17 ಪಂದ್ಯ ಗೆಲ್ಲಿಸಿದ: ಎರಡು ಗೆಲುವಿಗೊಂದು ಅವನದು. ವಿಲೀನದ ಮಾತು ಅಡಗಿತು. ಗೆಲ್ಲುವ ತಂಡಕ್ಕಾಗಿ ಹಣ ಚೆಲ್ಲುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸೋಲುವುದಕ್ಕಾದರೂ ನಮ್ಮದೊಂದು ತಂಡ ಇರಲಿ ಎಂದು ಬೂದಿಯ ಊರಿನ ಬಡವರು ಕೊಟ್ಟ ಕಾಸು ಬೇರೆಯ ತೂಕದ್ದು.

ಆದರೂ ಕಂಟಕ ಪೂರ್ತಿ ತಪ್ಪಿರಲಿಲ್ಲ. ತಂಡಗಳ ಸಂಖ್ಯೆ ಕಡಿಮೆ ಮಾಡಬೇಕೆಂದಿದ್ದ ಲೀಗಿನವರು, 1952ರಲ್ಲಿ ನೂರಕ್ಕೆ ಮೂವತ್ತರಷ್ಟೂ ಪಂದ್ಯ ಗೆಲ್ಲದ ತಂಡಕ್ಕೆ ಉಳಿಗಾಲವಿಲ್ಲವೆಂದು ನಿಯಮ ಮಾಡಿದರು. ಕಣ್ಣೆಲ್ಲ ಕಾರ್ಪಿನ ಮೇಲೇ ಇತ್ತು. ಕಾರ್ಪ್ 37 ಗೆದ್ದು 80 ಸೋತಿತು, ನೂರಕ್ಕೆ ಮೂವತ್ತೊಂದೂವರೆಯಷ್ಟು. ಕೂದಲೆಳೆಯಲ್ಲಿ ಪಾರು! ಮೂವತ್ತಕ್ಕಿಂತ ಕೆಳಗೆ ಜಾರಿದ ತಂಡ ಯಾವುದು ಗೊತ್ತೆ? ಎರಡೇ ವರ್ಷದ ಹಿಂದೆ 98 ಪಂದ್ಯ ಗೆದ್ದಿದ್ದ ಷೋಚಿಕು ರಾಬಿನ್ಸ್. ಕಾರ್ಪಿಗೆಂದು ತೆರೆದಿದ್ದ ತೈಯೋದ ಬಾಗಿಲಲ್ಲಿ 1953ರಲ್ಲಿ ಹಾದುಹೋದದ್ದು ಅದು.

ಕಾರ್ಪ್ ಮೊದಲ ಬಾರಿಗೆ ಲೀಗಿನಲ್ಲಿ ಅಗ್ರಸ್ಥಾನ ಪಡೆದದ್ದು 1975ರ ಅಕ್ಟೋಬರ್ 15ರಂದು. ಪೀಪಾಯಿಗೆ ಚಿಲ್ಲರೆ ಹಾಕಿದ ಹುಡುಗರು ಆಗ ನಡುಹರೆಯದವರು. ಹಾಸೆಗಾವಾ ಆಟ ಬಿಟ್ಟು ಹತ್ತು ವರ್ಷಕ್ಕೂ ಮೇಲಾಗಿತ್ತು. ಅವನ ಹೆಸರಿನ ಮುಂದೆ ಪುಸ್ತಕದಲ್ಲಿ 197 ಗೆಲುವುಗಳಿವೆ, 208 ಸೋಲುಗಳಿವೆ. ಎಲ್ಲವೂ ಒಂದೇ ತಂಡಕ್ಕಾಗಿ ಆಡಿದ ಆಟದಲ್ಲಿ.